ಝೋನ್ ಬಂತು, ಮುಂದೇನು?

ಈ ಅಂಕಣಕ್ಕೆ ಬರುವ ಪ್ರಶ್ನೆಗಳಲ್ಲಿ ಪದೇ ಪದೇ ತಲೆ ಎತ್ತುವುದು ಸುಗಂಧ ತೈಲಗಳದ್ದು. ನೀಲಗಿರಿ ಎಣ್ಣೆ ರೋಗಾಣುಗಳನ್ನು ಕೊಲ್ಲುತ್ತದೆಂದು ಲ್ಯಾಬಿನಲ್ಲಿ ಸಾಬೀತಾಗಿದೆಯಂತೆ, ನಿಜವೇ ಎಂದು ಒಬ್ಬರು ಕೇಳುತ್ತಾರೆ. ಟೀ ಟ್ರೀ ಎಣ್ಣೆಯ ಬಾಟಲಿಯ ಮೇಲೆ ‘ಪ್ರಯೋಗಾಲಯದಲ್ಲಿ ಪರೀಕ್ಷಿಸಲಾಗಿದೆ’ ಎಂದು ಅಚ್ಚಾಗಿದೆ, ಹಾಗಿದ್ದರೆ ಡಾಕ್ಟರು ಬರೆದುಕೊಟ್ಟ ಮುಲಾಮು ಬಿಟ್ಟು ಇದನ್ನೇ ಹಚ್ಚಬಹುದೇ ಎಂದು ಇನ್ನೊಬ್ಬರು. ಕೊರೋನಾ ಬಂದು ಹೋದ ಮೇಲಂತೂ ಈ ಪ್ರಶ್ನೆಗಳು ಹೆಚ್ಚಿವೆ. ಸೂಕ್ಷ್ಮಜೀವಿಶಾಸ್ತ್ರ ಪಾಠ ಮಾಡಿಕೊಂಡು ಬಂದವಳಾದ್ದರಿಂದ ಇವು ನನಗೆ ಹೊಸತಲ್ಲ. ಪದವಿ ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಆರಿಸಿಕೊಳ್ಳಿ ಎಂದರೆ ತರಗತಿಯಲ್ಲಿ ಯಾರಾದರೂ ಒಬ್ಬರು ಲವಂಗ, ದಾಲ್ಚಿನ್ನಿ, ತುಳಸಿ ಇಲ್ಲವೇ ನೀಲಗಿರಿ ಎಣ್ಣೆಯ ಹೆಸರು ಹೇಳಿಯೇ ಹೇಳುತ್ತಾರೆ. ಎಣ್ಣೆ ಅಂಗಡಿಯಲ್ಲಿ ಸಿಗುತ್ತದೆ, ಪರೀಕ್ಷೆಗೆ ಖರ್ಚು ಕಡಿಮೆ, ಫಲಿತಾಂಶ ಒಂದೇ ರಾತ್ರಿಯಲ್ಲಿ ಕಣ್ಣಿಗೆ ಕಾಣುತ್ತದೆ. ಹೀಗೆ ಕಣ್ಣಿಗೆ ಕಂಡದ್ದನ್ನು ಓದುವುದು ಹೇಗೆ ಎಂಬುದಷ್ಟೇ ಈ ವಾರದ ಮಾತು.

ಪರೀಕ್ಷೆ ಮೇಲುನೋಟಕ್ಕೆ ಬಲು ಸರಳ. ಮುಲ್ಲರ್-ಹಿಂಟನ್ ಅಗಾರ್ ಎಂಬ ಪೋಷಕ ದ್ರವ್ಯವನ್ನು ಆಟೋಕ್ಲೇವಿನಲ್ಲಿ ಕ್ರಿಮಿಶುದ್ಧ ಮಾಡಿ, ಪೆಟ್ರಿ ತಟ್ಟೆಗೆ ಸುಮಾರು 4 ಮಿಲಿಮೀಟರ್ ದಪ್ಪಕ್ಕೆ ಸುರಿಯುತ್ತೇವೆ. ಅದು ಆರಿ ಗಟ್ಟಿಯಾದ ಮೇಲೆ, ಬ್ಯಾಕ್ಟೀರಿಯಾ ಕದಡಿದ ಉಪ್ಪುನೀರಿನಲ್ಲಿ ಹತ್ತಿಯ ಕಡ್ಡಿ ಅದ್ದಿ, ಹೆಚ್ಚಾದದ್ದನ್ನು ಕೊಳವೆಯ ಒಳಗೋಡೆಗೆ ಒತ್ತಿ ತೆಗೆದು, ತಟ್ಟೆಯ ಮೈತುಂಬ ಮೂರು ದಿಕ್ಕಿನಲ್ಲಿ ಸವರುತ್ತೇವೆ. ಆ ನೀರು ಎಷ್ಟು ಕದಡಿರಬೇಕು ಎಂಬುದಕ್ಕೂ ಅಳತೆಯುಂಟು: ಒಂದು ಮಿಲಿಲೀಟರಿಗೆ ಸುಮಾರು 15 ಕೋಟಿ ಕೋಶಗಳು. ಆಮೇಲೆ 6 ಮಿಲಿಮೀಟರ್ ಅಗಲದ ಕಾಗದದ ಬಿಲ್ಲೆಗೆ ಎಣ್ಣೆ ಕುಡಿಸಿ, ಚಿಮುಟದಿಂದ ಎತ್ತಿ ಮೇಲೆ ಕೂರಿಸಿ, 35 ಡಿಗ್ರಿಯ ಇನ್‌ಕ್ಯುಬೇಟರಿನಲ್ಲಿ ರಾತ್ರಿ ಬಿಡುತ್ತೇವೆ. ಬೆಳಗ್ಗೆ ಮುಚ್ಚಳ ಎತ್ತಿದರೆ ಲವಂಗದ ಘಾಟು ಮೂಗಿಗೆ ಬಡಿಯುತ್ತದೆ. ತಟ್ಟೆಯ ಉದ್ದಗಲಕ್ಕೂ ಬ್ಯಾಕ್ಟೀರಿಯಾ ಮಬ್ಬು ಪದರವಾಗಿ ಹಬ್ಬಿರುತ್ತದೆ. ಬಿಲ್ಲೆಯ ಸುತ್ತ ಮಾತ್ರ ಏನೂ ಬೆಳೆಯದ ತಿಳಿಯಾದ ವೃತ್ತ. ‘ಝೋನ್ ಬಂತು ಮೇಡಂ’ ಎಂದು ಹುಡುಗಿಯರು ಸ್ಕೇಲು ಹಿಡಿದು ಓಡಿ ಬರುವ ಗಳಿಗೆ ಅದು. ಎಷ್ಟು ಸಲ ಕಂಡರೂ ಆ ಖುಷಿ ನನಗೂ ತಟ್ಟುತ್ತದೆ. ನಿನ್ನೆಯವರೆಗೆ ಪುಸ್ತಕದಲ್ಲಿದ್ದ ಮಾತು ಇಂದು ಅವರ ಕೈಯಲ್ಲೇ ಆಗಿರುತ್ತದೆ.

ಆ ವೃತ್ತದಿಂದ ತಿಳಿಯುವುದು ಇಷ್ಟೇ: ಬಿಲ್ಲೆಯಿಂದ ಹೊರಟ ಯಾವುದೋ ವಸ್ತು ಈ ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ಇಷ್ಟು ದೂರದವರೆಗೆ ತಡೆಯಿತು. ಕೊಂದಿತೋ ಬರೀ ತಡೆದು ನಿಲ್ಲಿಸಿತೋ, ಅದನ್ನು ವೃತ್ತ ಹೇಳುವುದಿಲ್ಲ. ಎಷ್ಟು ಪ್ರಮಾಣಕ್ಕೆ ತಡೆಯಿತು ಎಂಬುದೂ ಅದರಲ್ಲಿ ಇರುವುದಿಲ್ಲ. ಅಷ್ಟೇ ಏಕೆ, ಅಳತೆಯಲ್ಲಿ ಬಿಲ್ಲೆಯ ಅಗಲವೂ ಸೇರಿರುತ್ತದೆ. ‘8 ಮಿಲಿಮೀಟರ್ ಝೋನ್’ ಎಂದು ವರದಿಯಲ್ಲಿ ಬರೆದಿದ್ದರೆ ಬಿಲ್ಲೆಯ ಆಚೀಚೆ ತೆರವಾದದ್ದು ಒಂದೊಂದೇ ಮಿಲಿಮೀಟರ್. ‘6 ಮಿಲಿಮೀಟರ್’ ಎಂದರೆ ಏನೂ ಆಗಿಲ್ಲ ಎಂದೇ ಅರ್ಥ. ಈ ಸಂಖ್ಯೆಗಳನ್ನು ಕೋಷ್ಟಕದಲ್ಲಿ ಸಾಲಾಗಿ ಕೂರಿಸಿದಾಗ ಆರಕ್ಕೂ ಎಂಟಕ್ಕೂ ಏನೋ ಒಂದು ಬೆಲೆ ಬಂದುಬಿಡುತ್ತದೆ. ಓದುವವರು ಇಲ್ಲಿ ಎಚ್ಚರವಾಗಿರಬೇಕು.

ಇನ್ನು ಪ್ರಮಾಣದ ಮಾತಿಗೆ ಬರೋಣ. ನನ್ನ ಮಟ್ಟಿಗೆ ಈ ಇಡೀ ವಿಷಯದ ಜೀವ ಇರುವುದು ಇಲ್ಲೇ. ಎಣ್ಣೆಯ ಬಿಲ್ಲೆಯ ಪಕ್ಕದಲ್ಲಿ ಹೋಲಿಕೆಗೆಂದು ಒಂದು ಆಂಟಿಬಯಾಟಿಕ್ ಬಿಲ್ಲೆ ಇಡುವುದು ವಾಡಿಕೆ. ಜೆಂಟಮೈಸಿನ್ ಬಿಲ್ಲೆಯಾದರೆ ಅದರಲ್ಲಿರುವ ಔಷಧ 10 ಮೈಕ್ರೋಗ್ರಾಂ. ಇ-ಕೋಲಿಯ ಪ್ರಮಾಣಿತ ತಳಿಯ ಮೇಲೆ ಅದು 19ರಿಂದ 26 ಮಿಲಿಮೀಟರ್ ವೃತ್ತ ಕೊಡಬೇಕು. ಕೊಡದಿದ್ದರೆ ನಮ್ಮ ಪರೀಕ್ಷೆಯಲ್ಲೇ ಏನೋ ಎಡವಟ್ಟಾಗಿದೆ ಎಂದು ಲೆಕ್ಕ. ಅದೇ ತಟ್ಟೆಯಲ್ಲಿ ಲವಂಗದ ಎಣ್ಣೆಯ ಬಿಲ್ಲೆಯೂ 20 ಮಿಲಿಮೀಟರ್ ವೃತ್ತ ಕೊಟ್ಟಿತು ಎಂದಿಟ್ಟುಕೊಳ್ಳಿ. ‘ಲವಂಗದ ಎಣ್ಣೆ ಜೆಂಟಮೈಸಿನ್‌ಗೆ ಸರಿಸಮ’ ಎಂಬ ವಾಕ್ಯ ಆಗ ತಾನಾಗಿ ಬಾಯಿಗೆ ಬರುತ್ತದೆ. ಆದರೆ ಆ ಬಿಲ್ಲೆಗೆ ಹಾಕಿದ್ದು ಎಷ್ಟು? ಸಾಮಾನ್ಯವಾಗಿ 10 ಮೈಕ್ರೋಲೀಟರ್ ಎಣ್ಣೆ. ತೂಕಕ್ಕೆ ತಿರುಗಿಸಿದರೆ ಸುಮಾರು 10 ಮಿಲಿಗ್ರಾಂ, ಅಂದರೆ 10,000 ಮೈಕ್ರೋಗ್ರಾಂ. ಜೆಂಟಮೈಸಿನ್ 10, ಎಣ್ಣೆ 10,000. ವೃತ್ತ ಒಂದೇ ಅಳತೆಯದ್ದು, ಅದಕ್ಕೆ ಸುರಿದದ್ದು ಸಾವಿರ ಪಟ್ಟು. ಬಾಟಲಿಯ ಮೇಲಿನ ಬರಹವಾಗಲಿ, ವಾಟ್ಸ್ಆ್ಯಪಿನಲ್ಲಿ ಹರಿದಾಡುವ ಫೋಟೋ ಆಗಲಿ ಈ ಎರಡನೇ ಸಂಖ್ಯೆಯನ್ನು ಹೇಳುವುದಿಲ್ಲ. ಹಾಗಾಗಿ ವೃತ್ತ ಎಷ್ಟು ದೊಡ್ಡದು ಎಂದು ಕೇಳುವ ಮುಂಚೆ ಎಷ್ಟು ಎಣ್ಣೆ ಹಾಕಿದ್ದರು ಎಂದು ಕೇಳಿ ಎಂಬುದು ನನ್ನ ಮೊದಲ ಉತ್ತರ.

ಎಣ್ಣೆಗೂ ಎಣ್ಣೆಗೂ ಹೋಲಿಸುವಾಗಲೂ ಈ ತಟ್ಟೆಯನ್ನು ನಂಬುವುದು ಕಷ್ಟ. ಬಿಲ್ಲೆ ವಿಧಾನ ಹುಟ್ಟಿದ್ದು ಆಂಟಿಬಯಾಟಿಕ್‌ಗಳಿಗಾಗಿ. ಅಮೆರಿಕದ ಸಿಯಾಟಲ್‌ನಲ್ಲಿ ಬೌವರ್, ಕರ್ಬಿ ಮತ್ತು ಸಂಗಡಿಗರು 1966ರಲ್ಲಿ ಅದನ್ನು ಒಂದು ಹದಕ್ಕೆ ತಂದರು. ಇಂದಿಗೂ ನಮ್ಮ ಆಸ್ಪತ್ರೆಗಳಲ್ಲಿ ಮೂತ್ರದ ಕಲ್ಚರ್ ವರದಿಯಲ್ಲಿ ‘ಸೆನ್ಸಿಟಿವ್’, ‘ರೆಸಿಸ್ಟೆಂಟ್’ ಎಂದು ಬರುವುದರ ಹಿಂದೆ ಅವರ ಕೆಲಸವಿದೆ. ಔಷಧ ನೀರಿನಲ್ಲಿ ಕರಗಿ ಅಗಾರಿನೊಳಗೆ ಸಮನಾಗಿ ಹರಡುತ್ತದೆ ಎಂಬ ನಂಬಿಕೆಯ ಮೇಲೆ ಆ ವಿಧಾನ ನಿಂತಿದೆ. ಅಗಾರಿನಲ್ಲಿ ಹೆಚ್ಚಿನ ಪಾಲು ಇರುವುದು ನೀರೇ. ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ ಎಂದು ಯಾರಿಗೆ ಗೊತ್ತಿಲ್ಲ? ಲವಂಗದ ಎಣ್ಣೆಯ ಮುಖ್ಯ ಅಂಶವಾದ ಯೂಜಿನಾಲ್ ನೀರಿನಲ್ಲಿ ತುಸುವಾದರೂ ಕರಗುತ್ತದೆ. ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿರುವ ಲಿಮೊನೀನ್ ಕರಗುವುದೇ ಇಲ್ಲ ಎನ್ನಬಹುದಾದಷ್ಟು ಕಡಿಮೆ. ಒಂದರ ವೃತ್ತ ದೊಡ್ಡದು, ಇನ್ನೊಂದರದ್ದು ಚಿಕ್ಕದು ಎಂದರೆ ಅದರಲ್ಲಿ ಕೊಲ್ಲುವ ಶಕ್ತಿಯ ಪಾಲೆಷ್ಟು, ಹರಡುವ ಸಾಮರ್ಥ್ಯದ ಪಾಲೆಷ್ಟು ಎಂದು ಬಿಡಿಸಿ ಹೇಳಲಾಗದು.

ಜೊತೆಗೆ ಈ ಎಣ್ಣೆಗಳು ಆವಿಯಾಗುತ್ತವೆ. ಅವುಗಳ ಪರಿಮಳ ನಮ್ಮ ಮೂಗಿಗೆ ಬರುವುದೇ ಆ ಗುಣದಿಂದ. ಮುಚ್ಚಿದ ತಟ್ಟೆಯೊಳಗೆ ಆವಿ ತುಂಬಿಕೊಂಡು ದೂರದ ಮೂಲೆಗೂ ತಲುಪುತ್ತದೆ. ದಾಲ್ಚಿನ್ನಿ ಎಣ್ಣೆಯ ಬಿಲ್ಲೆಯನ್ನೂ ನೀಲಗಿರಿ ಎಣ್ಣೆಯ ಬಿಲ್ಲೆಯನ್ನೂ ಒಂದೇ ತಟ್ಟೆಯಲ್ಲಿಟ್ಟರೆ ಒಂದರ ಆವಿ ಇನ್ನೊಂದರ ಫಲಿತಾಂಶವನ್ನು ಕೆಡಿಸಬಹುದು. ಹೀಗಾಗಿ ನಮ್ಮ ಲ್ಯಾಬಿನಲ್ಲಿ ಒಂದು ತಟ್ಟೆಗೆ ಒಂದೇ ಎಣ್ಣೆ ಎಂಬುದು ಕಟ್ಟುನಿಟ್ಟು. ಆವಿಯ ಪರಿಣಾಮವನ್ನೇ ನೋಡಬೇಕೆಂದಿದ್ದರೆ ಅದಕ್ಕೆ ಬೇರೆ ಬಗೆ ಇದೆ: ತಟ್ಟೆಯನ್ನು ಬೋರಲು ಹಾಕಿ, ಬಿಲ್ಲೆಯನ್ನು ಕೆಳಗಿರುವ ಮುಚ್ಚಳಕ್ಕೆ ಅಂಟಿಸಿದರೆ ಎಣ್ಣೆ ಅಗಾರನ್ನು ಮುಟ್ಟುವುದೇ ಇಲ್ಲ, ಆವಿ ಮಾತ್ರ ಮೇಲೇರಿ ಮುಟ್ಟುತ್ತದೆ.

‘ಸೆನ್ಸಿಟಿವ್’ ಎಂಬ ಮಾತು ಬಂತಲ್ಲ, ಅದರ ಬಗ್ಗೆಯೂ ಒಂದು ಮಾತು. ಆಂಟಿಬಯಾಟಿಕ್ ವರದಿಯಲ್ಲಿ ಆ ಪದ ಬರೆಯಲು ಒಂದು ಗೆರೆ ಬೇಕು. ಇಷ್ಟು ಮಿಲಿಮೀಟರಿಗಿಂತ ಹೆಚ್ಚು ಬಂದರೆ ಔಷಧ ರೋಗಿಯ ಮೇಲೆ ಕೆಲಸ ಮಾಡುವ ಸಂಭವ ಹೆಚ್ಚು, ಇಷ್ಟಕ್ಕಿಂತ ಕಡಿಮೆಯಾದರೆ ಇಲ್ಲ. ಔಷಧ ನುಂಗಿದಾಗ ರಕ್ತದಲ್ಲಿ ಎಷ್ಟು ಸೇರುತ್ತದೆ, ಎಷ್ಟು ರೋಗಿಗಳು ಗುಣವಾದರು ಎಂಬುದನ್ನೆಲ್ಲ ಅಳೆದು, ತೂಗಿ, ವರ್ಷ ವರ್ಷ ತಿದ್ದಿ ಆ ಗೆರೆ ಎಳೆದಿದ್ದಾರೆ. ಸುಗಂಧ ತೈಲಗಳಿಗೆ ಅಂಥ ಗೆರೆಯನ್ನು ಯಾರೂ ಎಳೆದಿಲ್ಲ. ಹೀಗಿರುವಾಗ ತುಳಸಿ ಎಣ್ಣೆಗೆ ಒಂದು ಬ್ಯಾಕ್ಟೀರಿಯಾ ‘ಸೆನ್ಸಿಟಿವ್’ ಎಂದು ಪ್ರಾಜೆಕ್ಟ್ ವರದಿಯಲ್ಲಿ ಬರೆದದ್ದು ಕಂಡರೆ ನಾನು ಅದನ್ನು ಹೊಡೆದುಹಾಕಿಸುತ್ತೇನೆ.

ಹಾಗೆಂದು ಈ ಎಣ್ಣೆಗಳಲ್ಲಿ ಸತ್ವವಿಲ್ಲ ಎಂದು ತೀರ್ಮಾನಿಸಬೇಡಿ. ಇವುಗಳ ಪರೀಕ್ಷೆಗೆ ಶತಮಾನ ದಾಟಿದ ಇತಿಹಾಸವಿದೆ, ಅದರಲ್ಲಿ ದೊಡ್ಡವರ ಹೆಸರುಗಳಿವೆ. ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರ್ ಜೊತೆ ದುಡಿದ ಚಾರ್ಲ್ಸ್ ಚೇಂಬರ್ಲೆಂಡ್ ಇದ್ದರಲ್ಲ, ಪ್ರತಿ ಲ್ಯಾಬಿನ ಮೂಲೆಯಲ್ಲಿ ಇಂದೂ ಬುಸುಗುಡುವ ಆಟೋಕ್ಲೇವ್ ಅವರ ಕೊಡುಗೆ. ಅವರು 1887ರಲ್ಲಿ ಹತ್ತಾರು ಸುಗಂಧ ತೈಲಗಳನ್ನು ಆಂತ್ರಾಕ್ಸ್ ಬ್ಯಾಕ್ಟೀರಿಯಾದ ಮೇಲೆ ಪರೀಕ್ಷಿಸಿ ಪ್ರಕಟಿಸಿದರು. ದಾಲ್ಚಿನ್ನಿ ಮತ್ತು ಒರಿಗ್ಯಾನಮ್ ಎಣ್ಣೆಗಳು ಅಲ್ಲಿ ಎದ್ದು ಕಂಡವು. ಇಂದಿನ ಪರೀಕ್ಷೆಗಳಲ್ಲೂ ಅವೇ ಮುಂದಿವೆ. 1920ರ ದಶಕದಲ್ಲಿ ಸಿಡ್ನಿಯ ರಸಾಯನಶಾಸ್ತ್ರಜ್ಞ ಆರ್ಥರ್ ಪೆನ್‌ಫೋಲ್ಡ್ ಆಸ್ಟ್ರೇಲಿಯದ ಟೀ ಟ್ರೀ ಎಲೆಯ ಎಣ್ಣೆಯನ್ನು ಕಾರ್ಬಾಲಿಕ್ ಆಮ್ಲದ ಜೊತೆ ಹೋಲಿಸಿ, ಅದು ಹತ್ತು ಪಟ್ಟಿಗೂ ಮೀರಿ ಪ್ರಬಲ ಎಂದರು. ಆ ಕಾಲದ ವಿಧಾನದಲ್ಲಿ ನನಗೆ ಹಿಡಿಸುವ ಸಂಗತಿ ಒಂದಿದೆ. ಯಾವುದೇ ಕ್ರಿಮಿನಾಶಕವನ್ನು ಕಾರ್ಬಾಲಿಕ್ ಆಮ್ಲದ ಎದುರಿಗಿಟ್ಟು, ಎಷ್ಟರವರೆಗೆ ತೆಳುವಾಗಿಸಿದರೂ ಅಷ್ಟೇ ಸಮಯದಲ್ಲಿ ಕೊಲ್ಲುತ್ತದೆ ಎಂದು ನೋಡುತ್ತಿದ್ದರು. ಪ್ರಮಾಣ ಮತ್ತು ಸಮಯ ಎರಡೂ ಆ ಲೆಕ್ಕದೊಳಗೇ ಇದ್ದವು. ನಮ್ಮ ತಟ್ಟೆಯ ವೃತ್ತದಲ್ಲಿ ಎರಡೂ ಇಲ್ಲ.

ಪ್ರಮಾಣವನ್ನು ಹಿಡಿಯುವ ಇಂದಿನ ಪರೀಕ್ಷೆ ಎಂದರೆ ಎಣ್ಣೆಯನ್ನು ಪೋಷಕ ದ್ರವದಲ್ಲಿ, ಅಂದರೆ ಸಾರದಲ್ಲಿ, ತೆಳುವಾಗಿಸುತ್ತ ಹೋಗುವುದು. 96 ಪುಟ್ಟ ಗುಳಿಗಳಿರುವ, ಅಂಗೈ ಅಗಲದ ಪ್ಲಾಸ್ಟಿಕ್ ತಟ್ಟೆ. ಮೊದಲ ಗುಳಿಯಲ್ಲಿ ಎಣ್ಣೆ ಶೇಕಡ 4 ಇದ್ದರೆ ಮುಂದಿನದರಲ್ಲಿ 2, ಆಮೇಲೆ 1, ಅರ್ಧ, ಕಾಲು, ಹೀಗೆ. ಪ್ರತಿ ಗುಳಿಗೂ ಒಂದೇ ಲೆಕ್ಕದ ಬ್ಯಾಕ್ಟೀರಿಯಾ, ಮಿಲಿಲೀಟರಿಗೆ ಸುಮಾರು 5 ಲಕ್ಷ. ಮರುದಿನ ಯಾವ ಗುಳಿಯವರೆಗೆ ಬೆಳವಣಿಗೆ ಇಲ್ಲ ಎಂದು ನೋಡಿದರೆ, ತಡೆಯಲು ಬೇಕಾದ ಕನಿಷ್ಠ ಪ್ರಮಾಣ ಸಿಕ್ಕಿತು. ಲ್ಯಾಬಿನವರು ಅದನ್ನು ಎಂಐಸಿ ಎನ್ನುತ್ತಾರೆ. ತಿಳಿಯಾದ ಗುಳಿಗಳಿಂದ ಒಂದಿಷ್ಟು ತೆಗೆದು ಎಣ್ಣೆಯಿಲ್ಲದ ಹೊಸ ಅಗಾರಿಗೆ ಹಾಕಿದರೆ ಸತ್ತಿವೆಯೋ ಸುಮ್ಮನೆ ಕೂತಿವೆಯೋ ಎಂಬುದೂ ಗೊತ್ತಾಗುತ್ತದೆ.

ಹೇಳಿದಷ್ಟು ಸುಲಭವಾಗಿ ಎಣ್ಣೆ ಇದಕ್ಕೆ ಒಗ್ಗುವುದಿಲ್ಲ ಎಂಬುದೂ ನಿಜ. ಪಿಪೆಟ್ಟಿನಿಂದ ಬಿಟ್ಟ ಎಣ್ಣೆ ಕಣ್ಣೆದುರೇ ಮೇಲೆ ತೇಲಿ, ಗುಳಿಯ ಅಂಚಿಗೆ ಬಳೆಯಾಗಿ ಅಂಟಿಕೊಳ್ಳುತ್ತದೆ; ಕೆಳಗೆ ಬ್ಯಾಕ್ಟೀರಿಯಾ ಆರಾಮವಾಗಿ ಬೆಳೆಯುತ್ತದೆ. ಬೆರೆಯಲಿ ಎಂದು ಟ್ವೀನ್-80 ಎಂಬ ಸಾಬೂನಿನ ಜಾತಿಯ ದ್ರವ ಹಾಕುವವರು ಬಹಳ. ಅದು ಎಣ್ಣೆಯನ್ನು ತನ್ನೊಳಗೇ ಹಿಡಿದಿಟ್ಟುಕೊಂಡು ಪರಿಣಾಮವನ್ನು ಕುಗ್ಗಿಸುತ್ತದೆ ಎಂದು 1990ರ ದಶಕದಲ್ಲೇ ತೋರಿಸಿದ್ದಾರೆ. ಅದರ ಬದಲು ಸಾರಕ್ಕೆ ಶೇಕಡ 0.15ರಷ್ಟು ಅಗಾರ್ ಸೇರಿಸಿ ತುಸು ಮಂದ ಮಾಡಿದರೆ ಹನಿಗಳು ಮೇಲೇಳದೆ ನಡುವೆಯೇ ನಿಲ್ಲುತ್ತವೆ. ಬೆಳವಣಿಗೆಯನ್ನು ಕಣ್ಣಿಗೆ ಕಾಣಿಸಲು ರೆಸಜುರಿನ್ ಎಂಬ ಬಣ್ಣ. ಒಂದು ಕಾಲಕ್ಕೆ ಹಾಲಿನಲ್ಲಿ ಬ್ಯಾಕ್ಟೀರಿಯಾ ಎಷ್ಟಿದೆ ಎಂದು ಡೇರಿಗಳಲ್ಲಿ ಪರೀಕ್ಷಿಸುತ್ತಿದ್ದುದೂ ಇದರಿಂದಲೇ. ಜೀವಂತ ಬ್ಯಾಕ್ಟೀರಿಯಾ ಇದ್ದ ಕಡೆ ನೀಲಿ ಹೋಗಿ ಗುಲಾಬಿ ಬರುತ್ತದೆ. ಬೆಳಗ್ಗೆ ತಟ್ಟೆ ತೆಗೆದರೆ ಒಂದು ಸಾಲಿನಲ್ಲಿ ನೀಲಿ, ನೀಲಿ, ನೀಲಿ, ಆಮೇಲೆ ಥಟ್ಟನೆ ಗುಲಾಬಿ. ಆ ಬಣ್ಣ ಬದಲಾಗುವ ಗಡಿಯಲ್ಲಿ ಒಂದು ಸಂಖ್ಯೆ ಇದೆ, ಅದನ್ನು ಇನ್ನೊಂದು ಊರಿನ ಲ್ಯಾಬಿನ ಸಂಖ್ಯೆಯ ಜೊತೆ ಇಟ್ಟು ನೋಡಬಹುದು. ಪದವಿ ಕಾಲೇಜುಗಳು ಎಣ್ಣೆಯ ಪ್ರಾಜೆಕ್ಟಿಗೆ ಬಿಲ್ಲೆ ವಿಧಾನವನ್ನು ಮೊದಲ ದಿನದ ಜಾಲಾಡುವಿಕೆಗೆ ಮಾತ್ರ ಇಟ್ಟುಕೊಂಡು, ಉಳಿದ ದಿನಗಳನ್ನು ಈ ಪರೀಕ್ಷೆಗೆ ಕೊಡಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಹುಡುಗರ ಶ್ರಮಕ್ಕೆ ಆಗ ಬೆಲೆ ಬರುತ್ತದೆ. ‘ಈ ಎಣ್ಣೆ ಏನೂ ಮಾಡಲಿಲ್ಲ’ ಎಂಬ ಫಲಿತಾಂಶ ಬಂದರೆ ಅದನ್ನೂ ತಲೆ ಎತ್ತಿ ಬರೆಯಬೇಕು. ಅದಕ್ಕೆ ಅಂಕ ಕಡಿಮೆ ಕೊಡುವ ಪರೀಕ್ಷಕರ ಬಗ್ಗೆ ನನಗೆ ಬೇಸರವಿದೆ.

ಆ ಸಂಖ್ಯೆ ಸಿಕ್ಕ ಮೇಲೆ ಕಾಣುವ ಚಿತ್ರವೇ ಬೇರೆ. ಗಾಯದಲ್ಲಿ ಕೀವಾಗಲು ಕಾರಣವಾಗುವ ಸ್ಟ್ಯಾಫಿಲೋಕಾಕಸ್ ಆರಿಯಸ್ ಬ್ಯಾಕ್ಟೀರಿಯಾವನ್ನು ಟೀ ಟ್ರೀ ಎಣ್ಣೆ ತಡೆಯಬೇಕಾದರೆ ಸುಮಾರು ಶೇಕಡ ಅರ್ಧದಷ್ಟು ಬೇಕು. ಕೇಳಲು ಚಿಕ್ಕದು. ಮಿಲಿಲೀಟರಿಗೆ ಎಂದು ಲೆಕ್ಕ ಹಾಕಿದರೆ 4,500 ಮೈಕ್ರೋಗ್ರಾಂ. ಜೆಂಟಮೈಸಿನ್ ಅದೇ ಕೆಲಸಕ್ಕೆ ಕೇಳುವುದು 1 ಮೈಕ್ರೋಗ್ರಾಂ ಇಲ್ಲವೇ ಅದಕ್ಕಿಂತ ಕಡಿಮೆ. ಈಗ ಒಬ್ಬ ಮನುಷ್ಯನ ಮೈಯಲ್ಲಿ 5 ಲೀಟರ್ ರಕ್ತ ಎಂದುಕೊಳ್ಳಿ. ಆ ರಕ್ತದಲ್ಲಿ ಶೇಕಡ ಅರ್ಧದಷ್ಟು ಎಣ್ಣೆ ಇರಬೇಕಾದರೆ 25 ಮಿಲಿಲೀಟರ್ ಎಣ್ಣೆ ಹಾಗೇ ರಕ್ತಕ್ಕೆ ಇಳಿಯಬೇಕು. 10 ಮಿಲಿಲೀಟರಿಗಿಂತ ಕಡಿಮೆ ಟೀ ಟ್ರೀ ಎಣ್ಣೆ ಕುಡಿದ ಎಳೆಯ ಮಕ್ಕಳು ನಡೆಯಲಾರದೆ ತೂರಾಡಿ ಮಂಪರಿಗೆ ಜಾರಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಹೊಟ್ಟೆಗೆ ತೆಗೆದುಕೊಂಡು ಒಳಗಿನ ಸೋಂಕು ಗುಣಪಡಿಸಿಕೊಳ್ಳುವ ಮಾತು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಚರ್ಮದ ಮೇಲೆ, ಹಲ್ಲಿನ ಸಂದಿಯಲ್ಲಿ, ನೆಲದ ಮೇಲೆ ಆ ಪ್ರಮಾಣ ಒದಗಿಸಲು ಸಾಧ್ಯ. ಈ ಎಣ್ಣೆಗಳ ನಿಜವಾದ ಜಾಗ ಅದು.

ಆ ಜಾಗದಲ್ಲಿ ಅವು ಗೆದ್ದಿವೆ ಕೂಡ. ದಂತವೈದ್ಯರು ಹುಳುಕು ಹಲ್ಲಿಗೆ ತಾತ್ಕಾಲಿಕವಾಗಿ ತುಂಬುವ ಸಿಮೆಂಟಿನಲ್ಲಿ ಸತುವಿನ ಆಕ್ಸೈಡ್ ಜೊತೆ ಇರುವುದು ಲವಂಗದ ಯೂಜಿನಾಲ್. 1879ರಲ್ಲಿ ಹುಟ್ಟಿದ ಲಿಸ್ಟರಿನ್ ಎಂಬ ಬಾಯಿ ಮುಕ್ಕಳಿಸುವ ದ್ರವದಲ್ಲಿ ಇಂದಿಗೂ ಥೈಮಾಲ್ ಇದೆ, ನೀಲಗಿರಿಯ ಸಿನಿಯೋಲ್ ಇದೆ, ಮೆಂಥಾಲ್ ಇದೆ. ಥೈಮಾಲ್ ಎಂದರೆ ಏನೋ ಪರದೇಶದ್ದು ಅನ್ನಿಸಬಹುದು. ನಮ್ಮ ಅಡುಗೆಮನೆಯ ಓಮದ ಕಾಳಿನ ಘಾಟು ಅದೇ. ತಂಬುಳಿಗೆ ಕೀಳುವ ದೊಡ್ಡಪತ್ರೆಯ ಎಲೆಯನ್ನು ಬೆರಳಲ್ಲಿ ಉಜ್ಜಿದರೆ ಬರುವ ವಾಸನೆಯಲ್ಲಿ ಇರುವುದೂ ಥೈಮಾಲ್ ಅಥವಾ ಅದರ ಒಡಹುಟ್ಟು ಕಾರ್ವಕ್ರಾಲ್. ಇವೆರಡೂ ಬ್ಯಾಕ್ಟೀರಿಯಾದ ಕೋಶದ ಪೊರೆಯೊಳಗೆ ನುಸುಳಿ ಅದನ್ನು ಸಡಿಲಿಸುತ್ತವೆ, ಒಳಗಿನ ಪೊಟ್ಯಾಸಿಯಂ ಸೋರಿಹೋಗುತ್ತದೆ. ಸುಡೊಮೋನಾಸ್‌ನಂಥ ಕೆಲವು ಮಾತ್ರ ಜಗ್ಗುವುದಿಲ್ಲ: ಅವುಗಳ ಹೊರಪೊರೆ ಬಿಗಿ, ಸಾಲದ್ದಕ್ಕೆ ಒಳಬಂದದ್ದನ್ನು ಹೊರದಬ್ಬುವ ಪಂಪುಗಳೂ ಇವೆ.

‘ಒಗ್ಗರಣೆಗೆ ಓಮ, ಲವಂಗ ಹಾಕಿದರೆ ಅಡುಗೆ ಕೆಡುವುದಿಲ್ಲವೇ’ ಎಂದೂ ಕೇಳುತ್ತಾರೆ. ಲ್ಯಾಬಿನ ಸಾರಕ್ಕೂ ನಿಜವಾದ ಆಹಾರಕ್ಕೂ ಇರುವ ಅಂತರ ಇಲ್ಲಿ ಬಹಳ ದೊಡ್ಡದು. ಕೊಬ್ಬು ಮತ್ತು ಪ್ರೋಟೀನು ಎಣ್ಣೆಯನ್ನು ಹೀರಿಕೊಂಡು ಬ್ಯಾಕ್ಟೀರಿಯಾದ ಪಾಲಿಗೆ ಉಳಿಯದಂತೆ ಮಾಡುತ್ತವೆ. ಈ ಕುರಿತ ಸಂಶೋಧನೆಗಳನ್ನೆಲ್ಲ ಒಟ್ಟುಗೂಡಿಸಿ 2004ರಲ್ಲಿ ಸಾರಾ ಬರ್ಟ್ ಬರೆದ ವಿಮರ್ಶೆ ಈ ಕ್ಷೇತ್ರದವರಿಗೆಲ್ಲ ಪರಿಚಿತ. ಲ್ಯಾಬಿನಲ್ಲಿ ಕಂಡ ಪರಿಣಾಮವನ್ನೇ ಅರೆಕೊಬ್ಬಿನ ಹಾಲಿನಲ್ಲಿ ಪಡೆಯಲು 2 ಪಟ್ಟು, ಸೂಪಿನಲ್ಲಿ 50 ಪಟ್ಟು, ಮೆತ್ತನೆಯ ಚೀಸಿನಲ್ಲಿ 25ರಿಂದ 100 ಪಟ್ಟು ಎಣ್ಣೆ ಬೇಕಾಗುತ್ತದೆ ಎಂದು ಅದರಲ್ಲಿದೆ. ಅಷ್ಟು ಹಾಕಿದ ಸೂಪನ್ನು ಬಾಯಿಗಿಡಲು ಆಗುವುದಿಲ್ಲ.

ಬಾಟಲಿಗಳ ಮೇಲೆ ಕಾಣುವ ಶೇಕಡ 99.9ರ ಮಾತಿಗೂ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಸಾವಿರದಲ್ಲಿ ಒಂದು ಉಳಿದರೆ ಅದು 99.9. ಹತ್ತು ಲಕ್ಷ ಇ-ಕೋಲಿ ಇದ್ದ ಕಡೆ ಸಾವಿರ ಉಳಿದವು. ಅನುಕೂಲ ಸಿಕ್ಕರೆ ಅದು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುವ ಜೀವಿ. ಸಾವಿರ ಮತ್ತೆ ಹತ್ತು ಲಕ್ಷವಾಗಲು ಹತ್ತು ಇಮ್ಮಡಿ, ಅಂದರೆ ಸುಮಾರು 3 ಗಂಟೆ 20 ನಿಮಿಷ. ಹಾಗಾಗಿ ಯಾವ ಬ್ಯಾಕ್ಟೀರಿಯಾ, ಎಷ್ಟು ತೆಳುವಾಗಿಸಿದಾಗ, ಎಷ್ಟು ಹೊತ್ತು ಬಿಟ್ಟಾಗ ಎಂಬುದನ್ನು ಹೇಳದ 99.9ನ್ನು ನಾನು ಓದಿದ ಲೆಕ್ಕಕ್ಕೇ ಇಡುವುದಿಲ್ಲ.

ಲ್ಯಾಬಿನಿಂದ ರೋಗಿಯವರೆಗೆ ನಡೆದು ಬಂದ ಎಣ್ಣೆಗಳು ಬೆರಳೆಣಿಕೆಯಷ್ಟು. ಟೀ ಟ್ರೀ ಅವುಗಳಲ್ಲೊಂದು, ಆದ್ದರಿಂದಲೇ ಅದರಿಂದ ಕಲಿಯುವುದೂ ಹೆಚ್ಚು. 1990ರಲ್ಲಿ ಆಸ್ಟ್ರೇಲಿಯದಲ್ಲಿ ಮೊಡವೆಯಿದ್ದ 124 ಮಂದಿಯಲ್ಲಿ ಕೆಲವರಿಗೆ ಶೇಕಡ 5ರ ಟೀ ಟ್ರೀ ಜೆಲ್, ಉಳಿದವರಿಗೆ ಶೇಕಡ 5ರ ಬೆಂಜಾಯ್ಲ್ ಪೆರಾಕ್ಸೈಡ್ ಕೊಟ್ಟು ನೋಡಿದರು. ಎರಡರಿಂದಲೂ ಮೊಡವೆ ಕಡಿಮೆಯಾಯಿತು. ಎಣ್ಣೆ ನಿಧಾನ, ಆದರೆ ಉರಿ, ತುರಿಕೆ ಕಡಿಮೆ. 2004ರಲ್ಲಿ ಇಂಗ್ಲೆಂಡಿನ ವೈದ್ಯರು ಇನ್ನೂ ಕಠಿಣವಾದ ಪ್ರಶ್ನೆ ಕೈಗೆತ್ತಿಕೊಂಡರು. ಹಲವು ಆಂಟಿಬಯಾಟಿಕ್‌ಗಳಿಗೆ ಬಗ್ಗದ ಎಂಆರ್‌ಎಸ್‌ಎ ಎಂಬ ಸ್ಟ್ಯಾಫಿಲೋಕಾಕಸ್ ಮೂಗಿನಲ್ಲೋ ಚರ್ಮದ ಮೇಲೋ ನೆಲೆಸಿದ್ದ ಇನ್ನೂರಕ್ಕೂ ಹೆಚ್ಚು ಮಂದಿಯಲ್ಲಿ ಅರ್ಧದಷ್ಟು ಜನರಿಗೆ ರೂಢಿಯ ಚಿಕಿತ್ಸೆ, ಉಳಿದರ್ಧಕ್ಕೆ ಟೀ ಟ್ರೀ ಮುಲಾಮು ಮತ್ತು ಮೈತೊಳೆಯುವ ದ್ರವ. ಒಟ್ಟಾರೆ ಲೆಕ್ಕದಲ್ಲಿ ರೂಢಿಯ ಚಿಕಿತ್ಸೆ ಪಡೆದವರಲ್ಲಿ ಶೇಕಡ 49, ಎಣ್ಣೆ ಪಡೆದವರಲ್ಲಿ ಶೇಕಡ 41 ಮಂದಿ ಬ್ಯಾಕ್ಟೀರಿಯಾದಿಂದ ಮುಕ್ತರಾದರು. ಇದು ದೊಡ್ಡ ಅಂತರವಲ್ಲ. ಮೂಗಿನೊಳಗಿನ ಬ್ಯಾಕ್ಟೀರಿಯಾ ಮಾತ್ರ ನೋಡಿದರೆ ರೂಢಿಯ ಚಿಕಿತ್ಸೆಯ ಮುಪಿರೋಸಿನ್ ಮುಲಾಮು ಶೇಕಡ 78ರಲ್ಲಿ ಗೆದ್ದಿತು, ಟೀ ಟ್ರೀ ಶೇಕಡ 47ರಲ್ಲಿ. ತಟ್ಟೆಯ ಮೇಲೆ ಎಂಆರ್‌ಎಸ್‌ಎಯನ್ನು ಚೆನ್ನಾಗಿಯೇ ತಡೆಯುವ ಎಣ್ಣೆ ಇದು. ಮೂಗಿನ ಸಿಂಬಳದ ಪೊರೆ, ಅಲ್ಲಿಯ ತೇವ, ಎಣ್ಣೆ ಆರಿಹೋಗುವ ವೇಗ ಇವೆಲ್ಲ ತಟ್ಟೆಯಲ್ಲಿ ಇರುವುದಿಲ್ಲ. ಡಾಕ್ಟರು ಬರೆದುಕೊಟ್ಟ ಮುಲಾಮು ಬಿಡಬಹುದೇ ಎಂದು ಕೇಳಿದವರಿಗೆ ನನ್ನ ಉತ್ತರ ಈ ಎರಡು ಸಂಖ್ಯೆಗಳಲ್ಲಿದೆ. ಬಿಡಬೇಡಿ.

ಮಕ್ಕಳಿರುವ ಮನೆಯವರಿಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ನೆಗಡಿಯಾದಾಗ ನೀಲಗಿರಿ ಎಣ್ಣೆಯ ಹನಿ ಕರ್ಚೀಫಿಗೆ ಹಾಕುವುದು, ಕರ್ಪೂರ ಸೇರಿದ ಮುಲಾಮು ಎದೆಗೆ ತಿಕ್ಕುವುದು ನಮ್ಮಲ್ಲಿ ಹೊಸದಲ್ಲ. ನೀಲಗಿರಿ ಮತ್ತು ಕರ್ಪೂರದ ತೈಲಗಳಿಂದ ಕೆಲವರಿಗೆ ಫಿಟ್ಸ್ ಬರುವುದನ್ನು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ನರರೋಗ ತಜ್ಞರು ಅಧ್ಯಯನ ಮಾಡಿ ಪ್ರಕಟಿಸಿದ್ದಾರೆ. ಎಣ್ಣೆ ಕುಡಿದವರಷ್ಟೇ ಅಲ್ಲ, ಮೂಸಿದವರೂ ಹಚ್ಚಿಕೊಂಡವರೂ ಆ ವರದಿಗಳಲ್ಲಿದ್ದಾರೆ. ಮನೆಯಲ್ಲಿ ಯಾರಿಗಾದರೂ ಫಿಟ್ಸ್ ಇದ್ದರೆ ಇದನ್ನು ಡಾಕ್ಟರಿಗೆ ತಿಳಿಸಿ. ಬಾಟಲಿಯನ್ನು ಮಗುವಿನ ಕೈಗೆ ಎಟುಕದಂತೆ ಇಡಿ.

ಕೊನೆಗೆ ಮಲೆನಾಡಿನ ರೈತರೊಬ್ಬರ ಪತ್ರ. ಎರಡು ಎಕರೆಯಲ್ಲಿ ಮಜ್ಜಿಗೆಹುಲ್ಲು ಬೆಳೆದು, ಸಣ್ಣ ಭಟ್ಟಿಯಲ್ಲಿ ಎಣ್ಣೆ ಇಳಿಸುತ್ತಾರೆ. ‘ಕ್ರಿಮಿನಾಶಕ ಗುಣ ಇದೆ ಎಂದು ಲ್ಯಾಬ್ ರಿಪೋರ್ಟ್ ಮಾಡಿಸಿದರೆ ಒಳ್ಳೆ ರೇಟು ಸಿಗುತ್ತೆ ಅಂತಾರೆ, ಯಾವ ಟೆಸ್ಟ್ ಮಾಡಿಸಲಿ’ ಎಂದು ಕೇಳಿದ್ದಾರೆ. ಅವರು ದುಡ್ಡು ಹಾಕಬೇಕಾದ ಮೊದಲ ಪರೀಕ್ಷೆ ಬ್ಯಾಕ್ಟೀರಿಯಾದ್ದಲ್ಲ, ಗ್ಯಾಸ್ ಕ್ರೊಮ್ಯಾಟೋಗ್ರಫಿ. ಎಣ್ಣೆಯಲ್ಲಿ ಯಾವ ಯಾವ ಅಂಶ ಶೇಕಡ ಎಷ್ಟಿದೆ ಎಂದು ಅದು ಬಿಡಿಸಿ ಹೇಳುತ್ತದೆ. ಒಂದೇ ಹೆಸರಿನ ಗಿಡವಾದರೂ ತಳಿ, ಕೊಯ್ಲಿನ ಕಾಲ, ಭಟ್ಟಿ ಇಳಿಸಿದ ಹೊತ್ತು ಇವುಗಳ ಮೇಲೆ ಎಣ್ಣೆ ಬದಲಾಗುತ್ತದೆ. ಟೀ ಟ್ರೀ ಎಣ್ಣೆಗೆ ಅಂತರರಾಷ್ಟ್ರೀಯ ಮಾನಕವೇ ಇದೆ: ಟರ್ಪಿನೆನ್-4-ಓಲ್ ಎಂಬ ಅಂಶ ಕನಿಷ್ಠ ಶೇಕಡ 35 ಇರಬೇಕು, ಸಿನಿಯೋಲ್ ಶೇಕಡ 10 ಮೀರಬಾರದು. ಮಜ್ಜಿಗೆಹುಲ್ಲಿನ ಎಣ್ಣೆಯಲ್ಲಿ ಕೊಳ್ಳುವವರು ನೋಡುವುದು ಸಿಟ್ರಲ್. ಬ್ಯಾಕ್ಟೀರಿಯಾ, ಶಿಲೀಂಧ್ರಗಳ ಮೇಲೆ ಕೆಲಸ ಮಾಡುವ ಮುಖ್ಯ ಅಂಶವೂ ಅದೇ. ಆ ಸಂಖ್ಯೆ ಕೈಯಲ್ಲಿಲ್ಲದೆ ಮಾಡಿಸಿದ ಕ್ರಿಮಿನಾಶಕ ಪರೀಕ್ಷೆ ಆ ಒಂದು ಬಾಟಲಿಗೆ ಮಾತ್ರ ಅನ್ವಯ, ಮುಂದಿನ ಭಟ್ಟಿಗಲ್ಲ. ಬೆಂಗಳೂರಿನಲ್ಲಿ ಸಿಮ್ಯಾಪ್ ಸಂಸ್ಥೆಯ ಸಂಶೋಧನಾ ಕೇಂದ್ರವಿದೆ, ಸುಗಂಧ ಬೆಳೆಗಳೇ ಅವರ ಕ್ಷೇತ್ರ; ಮೊದಲು ಅಲ್ಲಿ ವಿಚಾರಿಸಲಿ. ಎಣ್ಣೆಯನ್ನು ಕಂದು ಗಾಜಿನ ಬಾಟಲಿಯಲ್ಲಿ ಕತ್ತಿನವರೆಗೆ ತುಂಬಿ, ಬಿಗಿಯಾಗಿ ಮುಚ್ಚಿ, ತಂಪಾದ ಕಡೆ ಇಡಲಿ. ಗಾಳಿ, ಬೆಳಕು ತಾಗಿದರೆ ಸಿಟ್ರಲ್ ಕೆಡುತ್ತದೆ. ರೋಗ ವಾಸಿ ಮಾಡುತ್ತದೆ ಎಂದು ಲೇಬಲ್ಲಿನಲ್ಲಿ ಬರೆಯುವ ಆಸೆಯನ್ನು ಸದ್ಯಕ್ಕೆ ಬಿಡಲಿ; ಹಾಗೆ ಬರೆದರೆ 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಗೆ ಉತ್ತರ ಕೊಡಬೇಕಾಗುತ್ತದೆ. ಸಿಟ್ರಲ್ ಎಷ್ಟು ಬಂತೆಂದು ಬರೆದು ತಿಳಿಸಿದರೆ, ಚಂಡೀಗಢದ ಎಂಟಿಸಿಸಿ ಎಂಬ ಸೂಕ್ಷ್ಮಜೀವಿ ಭಂಡಾರದಿಂದ ಯಾವ ಬ್ಯಾಕ್ಟೀರಿಯಾ ತಳಿಗಳನ್ನು ತರಿಸಿ ಎಂಐಸಿ ಮಾಡಿಸಬೇಕು ಎಂದು ಅವರಿಗೆ ಪಟ್ಟಿ ಮಾಡಿ ಕಳಿಸುತ್ತೇನೆ.